ಹೊಟ್ಟೆ ಚಿಕ್ಕದಾಯಿತು, ಸಂಜೆಯ ಹಸಿವು ಹಾಗೇ ಇದೆ

ಪ್ರಶ್ನೆ: ನನಗೆ 38 ವರ್ಷ. ಮದ್ದೂರು ತಾಲ್ಲೂಕಿನ ಹಳ್ಳಿಯವಳು, ಶಾಲೆಯಲ್ಲಿ ಟೀಚರ್. ಎತ್ತರ 158 ಸೆಂಟಿಮೀಟರ್, ತೂಕ 112 ಕೆಜಿ ಇತ್ತು. 14 ತಿಂಗಳ ಹಿಂದೆ ಮೈಸೂರಿನಲ್ಲಿ ತೂಕ ಇಳಿಯಲಿ ಅಂತ ಹೊಟ್ಟೆಯನ್ನು ಕತ್ತರಿಸಿ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಚೀಟಿ ಎತ್ತಿದ ದುಡ್ಡು, ಒಡವೆ ಸಾಲ ಎಲ್ಲ ಅದಕ್ಕೇ ಹೋಯಿತು. 75ಕ್ಕೆ ಇಳಿದಿದ್ದೆ, ಈಗ ಮತ್ತೆ 78. ಮುದ್ದೆ ನಾಲ್ಕು ತುತ್ತು ನುಂಗಿದರೆ ಎದೆಯಲ್ಲಿ ಸಿಕ್ಕಿಕೊಂಡು ವಾಂತಿಯಾಗುತ್ತದೆ. ಆದರೆ ಸಂಜೆ ಶಾಲೆಯಿಂದ ಬಂದು ಕಾಫಿ ಜೊತೆ ಖಾರ ಮಿಕ್ಸ್ಚರ್ ಪ್ಯಾಕೆಟ್ಟನ್ನೇ ಮುಗಿಸುತ್ತೇನೆ. ಪ್ಯಾಕೆಟ್ಟನ್ನು ಬೀರುವಿನಲ್ಲಿ ಸೀರೆ ಹಿಂದೆ ಬಚ್ಚಿಡುತ್ತೇನೆ. ತಿಂದ ಮೇಲೆ ಅಳು ಬರುತ್ತದೆ. ಯಜಮಾನರು ಒಮ್ಮೆ ನೋಡಿ, ‘ಇಷ್ಟು ದುಡ್ಡು ಸುರಿದಿದ್ದು ಇದಕ್ಕಾ?’ ಅಂದರು. ಅವರಿಗೆ, ಅತ್ತೆಗೆ ಬಿಟ್ಟು ಯಾರಿಗೂ ಆಪರೇಷನ್ ವಿಷಯ ಗೊತ್ತಿಲ್ಲ. ಗ್ಯಾಸ್ಟ್ರಿಕ್ ತೊಂದರೆ ಅಂತ ಹೇಳಿದ್ದೇವೆ. ಬೆಳಿಗ್ಗೆ ತಿಂಡಿ ಸಾಮಾನ್ಯವಾಗಿ ತಿನ್ನುವುದಿಲ್ಲ. ವಿಟಮಿನ್ ಮಾತ್ರೆ ಆರು ತಿಂಗಳು ತೆಗೆದುಕೊಂಡು ಬಿಟ್ಟೆ. ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿತಾ? ಆಪರೇಷನ್ ದಂಡವಾಯಿತಾ? ನನಗೇ ಮನಸ್ಸು ಗಟ್ಟಿ ಇಲ್ವಾ?

ಉತ್ತರ: ಮೊದಲು ಲೆಕ್ಕ ಹಾಕೋಣ. ನಿಮ್ಮ ಎತ್ತರಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ) 25 ಅಂದರೆ ಸುಮಾರು 62 ಕೆಜಿ. 112 ಇದ್ದಾಗ ನಿಮ್ಮ ಮೈಮೇಲೆ ಹೆಚ್ಚಿಗೆ ಇದ್ದದ್ದು 50 ಕೆಜಿ. ಈಗಿನ 78ರಲ್ಲೂ ಅದರಲ್ಲಿ 34 ಕೆಜಿ ಹೋಗಿದೆ. ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಹೆಚ್ಚುವರಿ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿದರೆ ಸ್ಲೀವ್ ಚೆನ್ನಾಗಿ ಕೆಲಸ ಮಾಡಿದೆ ಅಂತಲೇ ಸರ್ಜನ್‌ಗಳು ಹೇಳುತ್ತಾರೆ. ಅತಿ ಕಡಿಮೆ ತೂಕ ಮುಟ್ಟಿದ ಮೇಲೆ ಒಂದಿಷ್ಟು ವಾಪಸ್ ಬರುವುದು ಬಹಳ ಜನರಲ್ಲಿ ಆಗುತ್ತದೆ. ಮೂರು ಕೆಜಿಗೆ ದಂಡ ಅನ್ನುವ ಮಾತು ಬೇಡ. ಆದರೆ ಆ ಮೂರು ಕೆಜಿ ಯಾವ ದಾರಿಯಲ್ಲಿ ಬಂತು ಅನ್ನುವುದನ್ನು ಈಗಲೇ ನೋಡಬೇಕು. ನೀವು ಬರೆದಿದ್ದು ಒಳ್ಳೆಯದಾಯಿತು.

ಹೊಟ್ಟೆ ಹಿಗ್ಗಿತಾ ಅಂತ ಕೇಳಿದ್ದೀರಿ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಕಾಯಿ ಆಕಾರದ ಒಂದು ಕೊಳವೆ ಉಳಿಸುತ್ತಾರೆ. ಮೊದಲ ತಿಂಗಳು ಒಳಗೆ ಊತ ಇರುತ್ತದೆ, ನಾಲ್ಕು ಚಮಚ ಗಂಜಿಗೇ ಸಾಕು ಅನಿಸುತ್ತದೆ. ವರ್ಷ ಕಳೆಯುವ ಹೊತ್ತಿಗೆ ಊತ ಇಳಿದು, ಕೊಳವೆ ಸ್ವಲ್ಪ ಸಡಿಲಾಗಿ, ಒಂದು ಸಣ್ಣ ಬಟ್ಟಲು ಊಟ ಹಿಡಿಯುತ್ತದೆ. ಆಗಬೇಕಾದ್ದೇ ಅದು. ಇಲ್ಲದಿದ್ದರೆ ಜೀವನ ಪೂರ್ತಿ ಪುಷ್ಟಿ ಸಾಲದೆ ಮಲಗಬೇಕಾಗುತ್ತಿತ್ತು. ಒಂದು ದಿನ ಮಿಕ್ಸ್ಚರ್ ತಿಂದಿದ್ದಕ್ಕೆ ಹೊಟ್ಟೆ ಹಿಗ್ಗಿ ಹೋಗುವುದಿಲ್ಲ. ನಾಲ್ಕು ತುತ್ತಿಗೇ ನಿಮಗೆ ಸಿಕ್ಕಿಕೊಳ್ಳುತ್ತಿದೆ ಅಂದರೆ ಹೊಟ್ಟೆ ಇನ್ನೂ ಚಿಕ್ಕದಾಗಿಯೇ ಇದೆ ಅಂತ ಅರ್ಥ, ಅಲ್ವಾ?

ಹಾಗಾದರೆ ಮುದ್ದೆ ಒಳಗೆ ಹೋಗದೆ ಮಿಕ್ಸ್ಚರ್ ಮಾತ್ರ ಹೇಗೆ ಹೋಗುತ್ತದೆ? ಇದನ್ನು ನನ್ನ ಹತ್ತಿರ ಬರುವ ಹೆಚ್ಚಿನವರಿಗೆ ಆಪರೇಷನ್‌ಗೆ ಮುಂಚೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಕೋಳಿ, ಮೊಟ್ಟೆ, ಕಾಳು, ಮುದ್ದೆ ಇಂಥವು ಆ ಕೊಳವೆಯೊಳಗೆ ಕೂತು ನಿಧಾನವಾಗಿ ಕರಗುತ್ತವೆ. ಹಾಗಾಗಿ ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ. ಮಿಕ್ಸ್ಚರ್, ಬಿಸ್ಕತ್ತು, ಚಿಪ್ಸ್, ರಸ್ಕು, ಐಸ್‌ಕ್ರೀಮ್, ಪಾಯಸ ಹಾಗಲ್ಲ. ಎಂಜಲಿಗೇ ಪುಡಿಯಾಗುತ್ತವೆ. ಮೇಲೊಂದು ಗುಟುಕು ಕಾಫಿ ಕುಡಿದರೆ ಜಾರಿ ಕೆಳಗಿನ ಕರುಳಿಗೆ ಹೋಗಿಬಿಡುತ್ತವೆ. ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಆದ್ದರಿಂದ ಸಾಕು ಅನ್ನುವ ಸುದ್ದಿ ತಲೆಗೆ ಮುಟ್ಟುವುದಿಲ್ಲ. ಮತ್ತೆ ಒಂದು ಹಿಡಿ. ಮತ್ತೆ ಒಂದು ಗುಟುಕು. ಕರಿದ ಮಿಕ್ಸ್ಚರ್ 100 ಗ್ರಾಂಗೆ 500 ಕ್ಯಾಲೊರಿಯ ಮೇಲೇ ಆಗುತ್ತದೆ. ನಿಮ್ಮ ಇಡೀ ದಿನದ ಊಟಕ್ಕೆ ಹತ್ತಿರ ಹತ್ತಿರ ಅಷ್ಟೇ ಇರಬಹುದು. ಅರ್ಧ ಗಂಟೆಯಲ್ಲಿ ನೀವು ಪ್ಯಾಕೆಟ್ ಮುಗಿಸಿದ್ದಕ್ಕೆ ನಿಮ್ಮ ಮನಸ್ಸು ಎಷ್ಟು ಕಾರಣವೋ ಆ ತಿಂಡಿಯ ಗುಣವೂ ಅಷ್ಟೇ ಕಾರಣ. ಬೀರುವಿನಲ್ಲಿ ಬಚ್ಚಿಟ್ಟಿದ್ದು ಬೇಯಿಸಿದ ಕಡಲೆಕಾಳಾಗಿದ್ದರೆ ಅರ್ಧ ಬಟ್ಟಲಿಗೇ ಕೈ ನಿಲ್ಲುತ್ತಿತ್ತು.

ಇನ್ನು ಮುದ್ದೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವವರನ್ನು ನೋಡಿ ನಗುತ್ತಾರೆ. ಸಾರಿನಲ್ಲಿ ಅದ್ದಬೇಕು, ನುಂಗಬೇಕು. ಹುಟ್ಟಿದಾಗಿನಿಂದ ಗಂಟಲಿಗೆ ಅದೇ ಅಭ್ಯಾಸ. ಸ್ಲೀವ್ ಆದ ಹೊಟ್ಟೆಗೆ ನುಂಗಿದ ತುತ್ತು ಆಗುವುದಿಲ್ಲ, ಎಲ್ಲವೂ ಅಗಿದು ನುಣ್ಣಗಾಗಿಯೇ ಇಳಿಯಬೇಕು. ಮೇಲಿಂದ ತೆಳ್ಳನೆ ಸಾರು ಬೇರೆ ಸೇರುತ್ತದೆ. ಗಟ್ಟಿಯೂ ನೀರೂ ಒಟ್ಟಿಗೆ ಇಳಿದಾಗ ಒತ್ತಡ ಜಾಸ್ತಿಯಾಗಿ ವಾಂತಿ ಬರುತ್ತದೆ. ಮುದ್ದೆ ಬಿಟ್ಟೇ ಬಿಡಿ ಅಂತ ಮಂಡ್ಯದವರಿಗೆ ಹೇಳುವ ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ. ಒಂದು ದೊಡ್ಡ ನಿಂಬೆಹಣ್ಣಿನ ಗಾತ್ರ ಸಾಕು. ಸ್ವಲ್ಪ ಮೆತ್ತಗೆ ತಿರುವಿ. ಸುಂಡೆಕಾಯಿ ಗಾತ್ರದ ತುತ್ತು ಮಾಡಿ, ಬಾಯಲ್ಲಿ ಕರಗುವ ತನಕ ಅಗಿಯಿರಿ. ಅಂಟುತ್ತದೆ, ಬೇಜಾರಾಗುತ್ತದೆ, ನಿಜ. ಅದಾಗದಿದ್ದರೆ ರಾಗಿ ಗಂಜಿ ಅಥವಾ ಮೆತ್ತನೆ ರಾಗಿ ದೋಸೆ.

ಆದರೆ ಮುದ್ದೆಗಿಂತ ಮುಂಚೆ ಎಲೆಯಲ್ಲಿ ಏನು ಮುಗಿಯಬೇಕು ಅನ್ನುವುದು ಮುಖ್ಯ. ಬಸ್ಸಾರು ಮಾಡಿದ ದಿನ ನೋಡಿ, ಕಾಳು-ಸೊಪ್ಪು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದ ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಪುಷ್ಟಿ ಇರುವುದೆಲ್ಲ ಹೆಚ್ಚಾಗಿ ಆ ಪಲ್ಯದಲ್ಲಿ. ನಮ್ಮ ಹೆಣ್ಣುಮಕ್ಕಳು ಅದನ್ನು ಗಂಡ-ಮಕ್ಕಳಿಗೆ ಬಡಿಸಿ, ತಾವು ಮುದ್ದೆ-ಸಾರು ಉಂಡು ಏಳುತ್ತಾರೆ. ನೀವು ಇದನ್ನು ತಿರುಗುಮುರುಗು ಮಾಡಬೇಕು. ಮೊದಲು ಕಾಳಿನ ಪಲ್ಯ ಒಂದು ಸಣ್ಣ ಬಟ್ಟಲು, ನಿಧಾನಕ್ಕೆ. ಆಮೇಲೆ ಜಾಗ ಉಳಿದರೆ ಮುದ್ದೆ. ಸಾರು ಅದ್ದಿಕೊಳ್ಳುವಷ್ಟು ಮಾತ್ರ. ನೀರು ಊಟ ಮುಗಿದ ಅರ್ಧ ಗಂಟೆಯ ಮೇಲೆ. ದಿನಕ್ಕೆ ಒಂದೂವರೆ ಲೀಟರ್‌ಗೆ ಕಡಿಮೆಯಾಗದಂತೆ, ಗುಟುಕು ಗುಟುಕಾಗಿ.

ಪ್ರೋಟೀನ್ ದಿನಕ್ಕೆ 60 ಗ್ರಾಂ ಕನಿಷ್ಠ, 80ರ ತನಕ ಇರಬಹುದು. ಎರಡು ಮೊಟ್ಟೆಗೆ 12 ಗ್ರಾಂ, ಒಂದು ಲೋಟ ಹಾಲಿಗೆ 6, ಕಾಳಿನ ಪಲ್ಯಕ್ಕೆ 7 ಅಥವಾ 8, 50 ಗ್ರಾಂ ಪನೀರಿಗೆ 9, ಬೆಂದ ಕೋಳಿ ಮೂರು ನಾಲ್ಕು ಸಣ್ಣ ತುಂಡಿಗೆ 15. ಕೂಡಿಸಿದರೆ 50ರ ಆಸುಪಾಸು ಬರುತ್ತದೆ. ಬಾಕಿ ಇರುವುದಕ್ಕೆ ಮೊಸರು, ಹುರಿಗಡಲೆ ಅಥವಾ ನಿಮ್ಮ ಡಯಟಿಷಿಯನ್ ಹೇಳಿದ ಪ್ರೋಟೀನ್ ಪುಡಿ. ನಾಟಿಕೋಳಿ ರುಚಿ ಹೌದು, ಆದರೆ ನಾರು ನಾರಾಗಿರುತ್ತದೆ, ಸಿಕ್ಕಿಕೊಳ್ಳುತ್ತದೆ. ಸದ್ಯಕ್ಕೆ ಫಾರಂ ಕೋಳಿ, ಮೀನು, ಕೈಮ ಉಂಡೆ ವಾಸಿ. ಬೋಟಿ, ತಲೆಮಾಂಸದ ಆಸೆ ಇದ್ದರೆ ಮುಂದಕ್ಕೆ ಹಾಕಿ.

ಈಗ ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಒಂದು ಸಾಲಿನಲ್ಲಿ ದಾಟಿಸಿದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ತಿಂಡಿ ತಿನ್ನುವುದಿಲ್ಲ ಅಂದಿರಿ. ಮಧ್ಯಾಹ್ನ ಶಾಲೆಯಲ್ಲಿ ಎಲ್ಲರ ಮುಂದೆ ನಿಧಾನವಾಗಿ ಅಗಿಯುತ್ತಾ ಕೂರುವುದು ಮುಜುಗರ, ಹಾಗಾಗಿ ಎರಡು ಚಮಚ ಅನ್ನ ತಿಂದು ಡಬ್ಬಿ ಮುಚ್ಚುತ್ತೀರಿ ಅಂತ ನನ್ನ ಊಹೆ. ಬಹಳ ಟೀಚರ್‌ಗಳು ಹೀಗೆ ಮಾಡುತ್ತಾರೆ. ಸಂಜೆ ಐದೂವರೆಗೆ ಮನೆಗೆ ಬರುವ ಹೊತ್ತಿಗೆ ಮೈಯಲ್ಲಿ ಏನಿದೆ? ಏನೂ ಇಲ್ಲ. ಆಗ ಬರುವ ಹಸಿವಿನಲ್ಲಿ ಅರ್ಧ ನಿಜವಾದ ಹಸಿವೇ. ನೀವು ಅದನ್ನು ಚಪಲ ಅಂದುಕೊಂಡು ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಿ. ಬೆಳಿಗ್ಗೆ ಎರಡು ಮೊಟ್ಟೆ, ಹನ್ನೊಂದಕ್ಕೆ ಹಾಲು, ಮಧ್ಯಾಹ್ನ ಪಲ್ಯ-ಮೊಸರು, ಶಾಲೆ ಬಿಡುವ ಮುಂಚೆ ಒಂದು ಹಿಡಿ ಹುರಿಗಡಲೆ ಚೆನ್ನಾಗಿ ಅಗಿದು. ಬೇರೇನೂ ಮಾಡದೆ ಇಷ್ಟು ಮಾತ್ರ ಎರಡು ವಾರ ಮಾಡಿ ನೋಡಿ. ಬೀರುವಿನ ಎಳೆತ ಪೂರ್ತಿ ಹೋಗುವುದಿಲ್ಲ, ಆದರೆ ಎಷ್ಟು ಕಡಿಮೆಯಾಗುತ್ತದೆ ಅಂತ ನಿಮಗೇ ತಿಳಿಯುತ್ತದೆ.

ಬಾಕಿ ಅರ್ಧ? ಅದು ಹೊಟ್ಟೆಯ ವಿಷಯವಲ್ಲ.

ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಹೊಟ್ಟೆಯ ಮೇಲಿನ ಉಬ್ಬಿದ ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವನ್ನೇ ತೆಗೆಯುತ್ತಾರೆ. ಅದಕ್ಕೇ ಮೊದಲ ಕೆಲವು ತಿಂಗಳು ಊಟದ ನೆನಪೇ ಬರುವುದಿಲ್ಲ. ವಾರ ವಾರ ತೂಕ ಇಳಿಯುತ್ತದೆ, ಎಲ್ಲರೂ ಭೇಷ್ ಅನ್ನುತ್ತಾರೆ, ಮನಸ್ಸು ಮೇಲೆ ಮೇಲೆ ಇರುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ತೂಕ ನಿಲ್ಲುತ್ತದೆ, ಹಸಿವು ಸ್ವಲ್ಪ ತಿರುಗಿ ಬರುತ್ತದೆ, ಭೇಷ್ ಅನ್ನುವವರು ಅಭ್ಯಾಸವಾಗಿ ಸುಮ್ಮನಾಗುತ್ತಾರೆ. ಹಳೆಯ ಜೀವನ ಮಾತ್ರ ಇದ್ದಲ್ಲೇ ಇರುತ್ತದೆ. ಸಿಟ್ಟು, ಸುಸ್ತು, ಒಂಟಿತನ, ಸಾಲದ ಕಂತು, ಮಕ್ಕಳ ಪರೀಕ್ಷೆ. ಮುಂಚೆ ಇವಕ್ಕೆಲ್ಲ ಊಟ ಒಂದು ಮದ್ದಾಗಿತ್ತು. ಆಪರೇಷನ್ ಆ ಮದ್ದನ್ನು ಕಿತ್ತುಕೊಂಡಿತು, ಬದಲಿಗೆ ಏನೂ ಕೊಡಲಿಲ್ಲ. ಸರ್ಜನ್ ಕೊಡುವುದಕ್ಕೂ ಆಗುವುದಿಲ್ಲ, ಅದು ಅವರ ಕೆಲಸವಲ್ಲ. ಹಾಗಾಗಿ ಹಳೆಯ ಮದ್ದು ಚಿಕ್ಕ ಹೊಟ್ಟೆಯಲ್ಲೂ ತೂರಿ ಬರುವ ದಾರಿ ಹುಡುಕಿಕೊಂಡಿತು. ಮಿಕ್ಸ್ಚರ್ ಆ ದಾರಿ. ನಿಮ್ಮ ಪತ್ರದಲ್ಲಿ ನನಗೆ ಕಾಣುವ ಮುಖ್ಯ ವಿಷಯ ಇದೇ. ನಿಮ್ಮ ಮನಸ್ಸು ಗಟ್ಟಿ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 14 ತಿಂಗಳಲ್ಲಿ ಇಷ್ಟು ಇಳಿಸಿದವರಿಗೆ ಮನಸ್ಸು ಗಟ್ಟಿ ಇಲ್ಲ ಅಂದರೆ ಇನ್ಯಾರಿಗಿದೆ?

ಐದೂವರೆಯಿಂದ ಆರೂವರೆಯ ತನಕ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಅಂತ ಒಂದು ವಾರ ಬರೆದಿಡಿ. ಏನು ತಿಂದಿರಿ ಅನ್ನುವುದು ಎರಡನೆಯದು. ತಿನ್ನುವ ಹತ್ತು ನಿಮಿಷ ಮುಂಚೆ ಏನಾಯಿತು, ಯಾರು ಏನಂದರು, ಮೈ ಹೇಗಿತ್ತು, ಅದನ್ನು ಬರೆಯಿರಿ. ಶಾಲೆಯಲ್ಲಿ ದಿನವಿಡೀ ಮಾತಾಡಿ ಬಂದು, ರಾತ್ರಿಯ ಅಡುಗೆಗೆ ನಿಲ್ಲುವ ಮುಂಚೆ ನಿಮಗೆ ಅಂತ ಸಿಗುವುದು ಆ ಅರ್ಧ ಗಂಟೆ ಮಾತ್ರ ಇರಬಹುದು. ಕಾಫಿ, ಖಾರ, ಮುಚ್ಚಿದ ಬಾಗಿಲು. ಆ ವಿಶ್ರಾಂತಿ ನಿಮಗೆ ಬೇಕೇ ಬೇಕು. ಅದನ್ನು ಬಿಡಿ ಅಂತ ಹೇಳಿದರೆ ಮೂರು ದಿನ ಬಿಡುತ್ತೀರಿ, ನಾಲ್ಕನೇ ದಿನ ಎರಡು ಪ್ಯಾಕೆಟ್ ಆಗುತ್ತದೆ. ವಿಶ್ರಾಂತಿ ಇರಲಿ, ಜಾಗ ಬದಲಾಗಲಿ. ಶಾಲೆಯಿಂದ ನೇರ ಅಡುಗೆಮನೆಗೆ ಬರಬೇಡಿ. ನಾಲೆ ಕಡೆ ಒಂದು ಸುತ್ತು ನಡೆದು ಬನ್ನಿ, ಗೆಳತಿಯ ಮನೆ ಜಗಲಿಯ ಮೇಲೆ ಕೂತು ಮಾತಾಡಿ ಬನ್ನಿ, ಅಥವಾ ಕೋಣೆಗೆ ಹೋಗಿ ಫ್ಯಾನ್ ಹಾಕಿಕೊಂಡು ಮಲಗಿ. ‘ಅರ್ಧ ಗಂಟೆ ನನ್ನನ್ನು ಕರೀಬೇಡಿ’ ಅಂತ ಹೇಳುವುದಕ್ಕೆ ಕಾಯಿಲೆಯ ನೆಪ ಬೇಕಾಗಿಲ್ಲ. ಕಾಫಿ ಬೇಕಿದ್ದರೆ ಅದೊಂದನ್ನೇ ಕುಡಿಯಿರಿ, ತಿನ್ನುವುದು ಜೊತೆಗೆ ಬೇಡ.

ಹೊಟ್ಟೆಯ ಹಸಿವು ಯಾವುದು, ಮನಸ್ಸಿನದು ಯಾವುದು ಅಂತ ಗೊತ್ತಾಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ‘ಬೇಯಿಸಿದ ಮೊಟ್ಟೆ ತಿಂತೀಯಾ?’ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ತಿಂತೀನಿ ಅನಿಸಿದರೆ ಹೊಟ್ಟೆ ಹಸಿದಿದೆ, ತಿನ್ನಿ. ಮೊಟ್ಟೆ ಬೇಡ, ಖಾರವೇ ಬೇಕು ಅನಿಸಿದರೆ ಬೇರೆ ಏನೋ ಕೇಳುತ್ತಿದೆ. ಆಗಲೂ ಕೆಲವು ಸಲ ಖಾರ ತಿಂದೇ ತಿನ್ನುತ್ತೀರಿ. ಪರವಾಗಿಲ್ಲ. ಪ್ಯಾಕೆಟ್‌ನಿಂದ ತಿನ್ನಬೇಡಿ, ಒಂದು ಹಿಡಿ ತಟ್ಟೆಗೆ ಹಾಕಿ, ಎಲ್ಲರ ಎದುರು ಹಜಾರದಲ್ಲಿ ಕೂತು ತಿನ್ನಿ. ಬಚ್ಚಿಟ್ಟು ತಿಂದಾಗ ಕೈ ಓಡುತ್ತದೆ.

ಆಪರೇಷನ್ ಆದವರಲ್ಲಿ ನಾವು ಎಷ್ಟು ತಿಂದರು ಅಂತ ನೋಡಿ ತೊಂದರೆ ಅಳೆಯುವುದಿಲ್ಲ. ಹೊಟ್ಟೆಯೇ ಚಿಕ್ಕದಿರುವಾಗ ಪ್ರಮಾಣ ಕಡಿಮೆಯೇ ಕಾಣುತ್ತದೆ. ‘ನಿಲ್ಲಿಸಬೇಕು ಅಂದುಕೊಂಡೆ, ಕೈ ನಿಲ್ಲಲಿಲ್ಲ’ ಅನ್ನುವ ಮಾತು ಬಂದರೆ ನಾವು ಎಚ್ಚರವಾಗುತ್ತೇವೆ. ವಾರಕ್ಕೆ ಹಲವು ಸಲ ಹೀಗಾಗುತ್ತಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅನ್ನುವ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಉಪಯೋಗವಾಗುತ್ತದೆ. ಇನ್ನೊಂದು ವಿಷಯ ಕೇಳಬೇಕು. ಸಿಕ್ಕಿಕೊಂಡಾಗ ವಾಂತಿ ತಾನಾಗಿ ಬರುತ್ತದಾ, ಅಥವಾ ಹಗುರಾಗಲಿ ಅಂತ ನೀವೇ ಬೆರಳು ಹಾಕುತ್ತೀರಾ? ಕೆಲವರಲ್ಲಿ ಮೊದಲನೆಯದಾಗಿ ಶುರುವಾಗಿ ಎರಡನೆಯದಕ್ಕೆ ತಿರುಗುತ್ತದೆ. ಹಾಗಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಅವರು ಇದನ್ನು ಕೇಳಿ ಬೆಚ್ಚಿಬೀಳುವವರಲ್ಲ.

ಮಾತ್ರೆ ಬಿಟ್ಟಿದ್ದೀರಿ ಅನ್ನುವುದಕ್ಕೆ ಮಾತ್ರ ನಾನು ಸ್ವಲ್ಪ ಗದರುತ್ತೇನೆ. ಇವು ಗಾಯ ಮಾಯುವ ತನಕದ ಮಾತ್ರೆಗಳಲ್ಲ, ಬದುಕಿರುವ ತನಕದವು. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಬಿ12 ಮೈಗೆ ಸೇರಬೇಕಾದರೆ ಹೊಟ್ಟೆಯಲ್ಲಿ ತಯಾರಾಗುವ ಒಂದು ಅಂಶ ಬೇಕು, ಅದನ್ನು ಮಾಡುವ ಭಾಗ ಬಹುಪಾಲು ಹೋಗಿದೆ. ಆಮ್ಲ ಕಡಿಮೆಯಾಗಿರುವುದರಿಂದ ಕಬ್ಬಿಣವೂ ಸರಿಯಾಗಿ ಸೇರುವುದಿಲ್ಲ, ನಿಮಗೆ ಮುಟ್ಟು ಬೇರೆ ಆಗುತ್ತಿರುತ್ತದೆ. ಇವು ಕಡಿಮೆಯಾದರೆ ಏನಾಗುತ್ತದೆ ಗೊತ್ತಾ? ಸುಸ್ತು, ಸಿಡುಕು, ಮಂಕು, ಸುಮ್ಮಸುಮ್ಮನೆ ಅಳು. ನಿಮ್ಮ ಅಳುವಿನಲ್ಲಿ ಎಷ್ಟು ಮನಸ್ಸಿನದು, ಎಷ್ಟು ರಕ್ತದ್ದು ಅಂತ ಪರೀಕ್ಷೆ ಮಾಡಿಸದೆ ಯಾರೂ ಹೇಳಲಾರರು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್ ಇಷ್ಟನ್ನು ಈ ವಾರವೇ ಮಾಡಿಸಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ ಕಾಫಿಯ ಹತ್ತಿರವೂ ಬೇಡ. ಕೂದಲು ಉದುರಿದ್ದರೆ ಗಾಬರಿ ಬೇಡ, ಮೂರರಿಂದ ಆರು ತಿಂಗಳ ನಡುವೆ ಉದುರಿದ್ದು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಈಗಲೂ ಉದುರುತ್ತಿದ್ದರೆ ಪ್ರೋಟೀನ್ ಮತ್ತು ಕಬ್ಬಿಣ ನೋಡಬೇಕು.

ಒಂದು ಎಚ್ಚರಿಕೆ, ಇದನ್ನು ನಿಮ್ಮ ಮನೆಯವರೂ ತಿಳಿದಿರಲಿ. ದಿನಗಟ್ಟಲೆ ವಾಂತಿ ನಿಲ್ಲದೆ, ನೀರೂ ನಿಲ್ಲದಿದ್ದರೆ ಥಯಾಮಿನ್ ಅನ್ನುವ ಬಿ1 ವಿಟಮಿನ್ ಬೇಗ ಖಾಲಿಯಾಗುತ್ತದೆ. ಕಣ್ಣಿಗೆ ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಇವು ಅದರ ಗುರುತು. ಆಗ ಗ್ಲೂಕೋಸ್ ಹಾಕಿಸಿಕೊಂಡು ಬರೋಣ ಅಂತ ಹತ್ತಿರದ ಕ್ಲಿನಿಕ್‌ಗೆ ಹೋಗಬೇಡಿ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇನ್ನೂ ಕೆಡುತ್ತದೆ. ದೊಡ್ಡ ಆಸ್ಪತ್ರೆಗೆ ಹೋಗಿ, ಹೊಟ್ಟೆಯ ಆಪರೇಷನ್ ಆಗಿದೆ ಅಂತ ಮೊದಲ ಮಾತಿಗೇ ಹೇಳಬೇಕು. ಹೇಳುವವರು ಯಾರು? ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದ್ದು, ಆ ಹೊತ್ತಿಗೆ ಇಬ್ಬರೂ ಹತ್ತಿರ ಇಲ್ಲದಿದ್ದರೆ?

ಅದಕ್ಕೇ ಈ ಗುಟ್ಟಿನ ಬಗ್ಗೆ ನನಗೆ ತಕರಾರಿದೆ. ಊರಿಗೆಲ್ಲ ಡಂಗುರ ಹೊಡೆಯಿರಿ ಅಂತಲ್ಲ. ನಿಮ್ಮ ಮೈ, ನಿಮ್ಮ ವಿಷಯ. ಆದರೆ ಗುಟ್ಟು ಕಾಯುವುದಕ್ಕೆ ನೀವು ಎಷ್ಟು ಶಕ್ತಿ ಸುರಿಯುತ್ತಿದ್ದೀರಿ ನೋಡಿ. ಶಾಲೆಯಲ್ಲಿ ಡಬ್ಬಿ ಮುಚ್ಚುವುದು, ನೆಂಟರ ಮನೆಯಲ್ಲಿ ಎಲೆ ಮಡಚುವುದು, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುವುದು. ಒಬ್ಬ ಗೆಳತಿಗೆ, ತವರಿನಲ್ಲಿ ಅಕ್ಕನಿಗೋ ತಂಗಿಗೋ, ಶಾಲೆಯಲ್ಲಿ ನಂಬಿಕೆ ಇರುವ ಒಬ್ಬರಿಗೆ ಹೇಳಿ. ಬಾಕಿಯವರಿಗೆ ‘ಹೊಟ್ಟೆ ಆಪರೇಷನ್ ಆಗಿದೆ, ಸ್ವಲ್ಪ ಸ್ವಲ್ಪ ತಿನ್ನು ಅಂದಿದ್ದಾರೆ ಡಾಕ್ಟ್ರು’ ಅಂದರೆ ಸಾಕು. ಸುಳ್ಳೂ ಅಲ್ಲ, ಪೂರ್ತಿ ಕಥೆಯೂ ಅಲ್ಲ.

ನಮ್ಮ ಸೀಮೆಯಲ್ಲಿ ಸಾಕು ಅನ್ನುವುದು ಕಷ್ಟ, ಅದು ಗೊತ್ತು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕು ಅಂತ ಹೋರಾಟವೇ ಆಯಿತು. ಸಾಹಿತ್ಯಕ್ಕೂ ಊಟಕ್ಕೂ ಒಟ್ಟಿಗೆ ಜಗಳವಾಡುವ ಊರು ನಮ್ಮದು, ಅದರಲ್ಲಿ ನನಗೆ ಹೆಮ್ಮೆಯೇ ಇದೆ. ಅಂಥ ಕಡೆ ಬೀಗರೂಟದ ಪಂಕ್ತಿಯಲ್ಲಿ ಕೂತು ‘ಬೇಡ’ ಅಂದರೆ ಬಡಿಸುವವರಿಗೆ ಅವಮಾನ. ಒಂದು ಕೆಲಸ ಮಾಡಿ, ಮನೆಯಲ್ಲೇ ಎರಡು ಮೊಟ್ಟೆ ತಿಂದು ಹೊರಡಿ. ಪಂಕ್ತಿಯ ಕೊನೆಯಲ್ಲಿ ಮಕ್ಕಳ ಪಕ್ಕ ಕೂರಿ, ಅಲ್ಲಿ ಬಡಿಸುವ ಕೈ ಸಣ್ಣದಾಗುತ್ತದೆ. ಮೆತ್ತನೆಯ ಎರಡು ತುಂಡು ಆರಿಸಿಕೊಳ್ಳಿ, ಬಾಕಿ ಸಮಯ ಮಾತಾಡಿ. ಪಾಯಸವನ್ನೋ ಒಬ್ಬಟ್ಟನ್ನೋ ಬರೀ ಹೊಟ್ಟೆಗೆ ತಿನ್ನಬೇಡಿ, ಕಬ್ಬಿನ ಹಾಲು ಬೇಡವೇ ಬೇಡ. ಸಿಹಿ ಸರ್ರನೆ ಕರುಳಿಗೆ ಇಳಿದರೆ ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಒಂದರಿಂದ ಮೂರು ಗಂಟೆಯ ಮೇಲೆ ರಕ್ತದ ಸಕ್ಕರೆ ಕುಸಿದು ಕಣ್ಣು ಕತ್ತಲಾಗಬಹುದು. ಹೊಟ್ಟೆಯ ಬೈಪಾಸ್ (ಹೊಟ್ಟೆಯ ಸಣ್ಣ ಭಾಗವನ್ನು ನೇರವಾಗಿ ಕೆಳಗಿನ ಕರುಳಿಗೆ ಜೋಡಿಸುವ ಆಪರೇಷನ್) ಮಾಡಿಸಿಕೊಂಡವರಲ್ಲಿ ಇದು ಜಾಸ್ತಿ, ಸ್ಲೀವ್‌ನವರಿಗೂ ಆಗುತ್ತದೆ.

ಅತ್ತೆ ‘ಇನ್ನೊಂದ್ ತುತ್ತು ಉಣ್ಣವ್ವ, ಮುದ್ದೆ ಬುಟ್ರೆ ಮೈಗೆ ಶಕ್ತಿ ಎಲ್ಲಿಂದ ಬತ್ತದೆ’ ಅನ್ನುತ್ತಿರಬೇಕು. ಅದು ಪ್ರೀತಿ. ಅದಕ್ಕೆ ವಾದ ಮಾಡಿ ಗೆಲ್ಲಲಾಗುವುದಿಲ್ಲ. ಅವರಿಗೆ ಒಂದು ಕೆಲಸ ಕೊಡಿ. ‘ಅತ್ತೆ, ನನಗೆ ದಿನಾ ಒಂದು ಬಟ್ಟಲು ಕಾಳು ಬೇಕು, ನೆನೆಹಾಕಿ ಇಡ್ತೀರಾ?’ ಅಂತ ಕೇಳಿ. ತಿನ್ನಿಸುವ ಆಸೆಯೂ ತೀರುತ್ತದೆ, ಹುರುಳಿ, ಅವರೆ, ಅಲಸಂದೆ ಮನೆಯಲ್ಲಿ ತಪ್ಪುವುದಿಲ್ಲ.

ನಿಮ್ಮ ಯಜಮಾನರಿಗೆ ಈ ಭಾಗ ಓದಲು ಕೊಡಿ. ಸ್ವಾಮಿ, ದುಡ್ಡಿನ ನೋವು ಅರ್ಥವಾಗುತ್ತದೆ. ಆದರೆ ಕಾವಲು ಕಾಯುವವರ ಎದುರು ಯಾರೂ ಕಡಿಮೆ ತಿನ್ನುವುದಿಲ್ಲ, ಅವರು ಇಲ್ಲದ ಹೊತ್ತಿಗೆ ತಿನ್ನುತ್ತಾರೆ ಅಷ್ಟೆ. ಪ್ಯಾಕೆಟ್ ಎಣಿಸುವ ಬದಲು ಸಂಜೆ ಅರ್ಧ ಗಂಟೆ ಒಲೆಯ ಹತ್ತಿರ ನೀವು ನಿಂತರೆ ಹೆಚ್ಚು ಸಹಾಯವಾಗುತ್ತದೆ. ಹೆಂಡತಿ ಬದಲಾದಾಗ ಗಂಡನಿಗೂ ಒಳಗೊಳಗೆ ಗಲಿಬಿಲಿಯಾಗುವುದುಂಟು, ಅದು ನಾಚಿಕೆಯ ವಿಷಯವಲ್ಲ. 2018ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಈ ಆಪರೇಷನ್ ಆದವರಲ್ಲಿ ಒಂಟಿಯಾಗಿದ್ದವರು ಜೊತೆ ಹುಡುಕಿಕೊಂಡಿದ್ದೂ ಜಾಸ್ತಿ, ಜೊತೆಯಲ್ಲಿದ್ದವರು ಬೇರೆಯಾಗಿದ್ದೂ ಜಾಸ್ತಿ ಅಂತ ಕಂಡುಬಂತು. ಹೆದರಿಸುವುದಕ್ಕಲ್ಲ ಹೇಳಿದ್ದು. ಇಬ್ಬರೂ ಕೂತು ಮಾತಾಡಬೇಕಾದ ಹೊತ್ತು ಇದು.

ಕನ್ನಡಿಯ ವಿಷಯ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. 34 ಕೆಜಿ ಇಳಿದ ಮೇಲೂ ಬಸ್ಸಿನಲ್ಲಿ ಇಬ್ಬರ ಸೀಟಿನ ಅಂಚಿಗೆ ಕೂರುವವರು, ಹಳೇ ಅಳತೆಯ ರವಿಕೆಯನ್ನೇ ಹೊಲಿಸುವವರು ಇದ್ದಾರೆ. ಮೈ ಇಳಿದಷ್ಟು ಬೇಗ ಮೈಯ ಅಂದಾಜು ಇಳಿಯುವುದಿಲ್ಲ. ಹೊಟ್ಟೆ, ತೋಳಿನ ಚರ್ಮ ಜೋತುಬಿದ್ದು ಹೊಸ ಬೇಸರ ಶುರುವಾಗುತ್ತದೆ. ನೆಂಟರಲ್ಲಿ ಅರ್ಧ ಜನ ‘ಈಗ ಚೆನ್ನಾಗಿ ಕಾಣ್ತೀಯ’ ಅಂದರೆ ಮುಂಚೆ ಹೇಗಿದ್ದೆ ಅಂತ ಚುಚ್ಚುತ್ತದೆ. ಇನ್ನರ್ಧ ಜನ ‘ಯಾಕೆ ಹಿಂಗೆ ಸೊರಗಿದ್ದೀಯ’ ಅಂತಾರೆ. ಎರಡಕ್ಕೂ ಉತ್ತರ ಕೊಡುವ ಜವಾಬ್ದಾರಿ ನಿಮ್ಮದಲ್ಲ. ತೂಕವನ್ನು ವಾರಕ್ಕೊಮ್ಮೆ ನೋಡಿ, ದಿನಾ ಬೇಡ. ದಿನಕ್ಕೆ ಒಂದೊಂದೂವರೆ ಕೆಜಿ ನೀರಿನಲ್ಲೇ ಏರಿಳಿಯುತ್ತದೆ.

ಇನ್ನೆರಡು ಮಾತು ಬೇರೆ ಓದುಗರಿಗೆ. ತೂಕ ಇಳಿದಾಗ ಮುಟ್ಟು ಕ್ರಮಕ್ಕೆ ಬಂದು ಬಸಿರಾಗುವ ಸಾಧ್ಯತೆ ಹೆಚ್ಚುತ್ತದೆ. ಆಪರೇಷನ್ ಆಗಿ 12ರಿಂದ 18 ತಿಂಗಳು ಬಸಿರು ಬೇಡ. ಬೈಪಾಸ್ ಆದವರು ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬದೆ ಡಾಕ್ಟರನ್ನು ಕೇಳಬೇಕು. ಗಂಡಸರಿಗೆ, ಕುಡಿತ. ಬೈಪಾಸ್ ಆದ ಮೇಲೆ ಒಂದು ಪೆಗ್ ಬೇಗ ಏರುತ್ತದೆ, ಜಾಸ್ತಿ ಹೊತ್ತು ಇರುತ್ತದೆ. ಕುಡಿತದ ತೊಂದರೆ ಎರಡನೇ ವರ್ಷದಲ್ಲಿ ಹೆಚ್ಚಾಗಿದ್ದನ್ನು ಅಮೆರಿಕದ ಅಧ್ಯಯನವೊಂದು 2012ರಲ್ಲೇ ತೋರಿಸಿದೆ. ಊಟ ಕಿತ್ತುಕೊಂಡ ಜಾಗಕ್ಕೆ ಬಾಟಲಿ ಬಂದು ಕೂರುವುದನ್ನು ನಾನು ಕಂಡಿದ್ದೇನೆ.

ಮತ್ತೆ ನಿಮಗೆ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ ಕೆಟ್ಟು, ಯಾಕೆ ಬದುಕಬೇಕು ಅನಿಸಿದರೆ ಅದು ಖಿನ್ನತೆ ಇರಬಹುದು. ಈ ಆಪರೇಷನ್ ಆದವರಲ್ಲಿ ಅಂಥ ಯೋಚನೆಗಳು ಬರುವ ಅಪಾಯ ಸ್ವಲ್ಪ ಜಾಸ್ತಿ ಅನ್ನುವುದನ್ನು ನಾವು ಮುಚ್ಚಿಡಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಅನ್ನುವ ಸರ್ಕಾರಿ ಕಾರ್ಯಕ್ರಮವೂ ಇದೆ, ನಿಮ್ಮ ಕಡೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾತ್ರೆ ಬರೆದರೆ ಸ್ಲೀವ್ ಆಗಿದೆ ಅಂತ ತಿಳಿಸಿ, ಕೆಲವು ಮಾತ್ರೆಗಳ ಬಗೆ ಬದಲಿಸಬೇಕಾಗುತ್ತದೆ.

ಸರ್ಜನ್ ಹತ್ತಿರ ಒಂದು ವರ್ಷದ ತಪಾಸಣೆಗೆ ಹೋಗಿರುವ ಹಾಗೆ ಕಾಣುವುದಿಲ್ಲ. ತೂಕ ಏರಿದೆ ಅಂತ ನಾಚಿಕೊಂಡು ಬಹಳ ಜನ ಇದೇ ಹೊತ್ತಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ನೀವು ಹೋಗಿ. ಮುದ್ದೆ ಮಾತ್ರ ಸಿಕ್ಕಿಕೊಳ್ಳುತ್ತದಾ, ಮೆತ್ತನೆ ಇಡ್ಲಿಯೂ ಸಿಕ್ಕಿಕೊಳ್ಳುತ್ತದಾ ಅಂತ ಗಮನಿಸಿ ಹೇಳಿ. ಇಡ್ಲಿಯೂ ಇಳಿಯದಿದ್ದರೆ ಅಥವಾ ರಾತ್ರಿ ಮಲಗಿದಾಗ ಹುಳಿ ಗಂಟಲಿಗೆ ಬರುತ್ತಿದ್ದರೆ ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯಿಂದ ಸಣ್ಣ ಕ್ಯಾಮೆರಾ ಇಳಿಸಿ, ಹೊಟ್ಟೆಯ ಕೊಳವೆ ಎಲ್ಲಾದರೂ ಕಿರಿದಾಗಿದೆಯಾ ಅಂತ ನೋಡುತ್ತಾರೆ. ರಕ್ತಪರೀಕ್ಷೆಯ ರಿಪೋರ್ಟು, ಒಂದು ವಾರ ಬರೆದಿಟ್ಟ ಸಂಜೆಯ ಪುಸ್ತಕ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಫೆರಿಟಿನ್ ಮತ್ತು ಬಿ12 ಎಷ್ಟು ಬಂತು ಅಂತ ನನಗೂ ಬರೆಯಿರಿ.